ಮೊದಲ ಪಂಕ್ತಿ ಮೀನಿಗೆ

ಅಕ್ವೇರಿಯಂ ರೆಸ್ಟೋರೆಂಟಿಗೆ ಹಸಿದುಕೊಂಡು ಹೋಗಬಾರದು. ಇದನ್ನು ಬಾಗಿಲಲ್ಲೇ ದೊಡ್ಡದಾಗಿ ಬರೆದು ಹಾಕಬೇಕು. ಅಲ್ಲಿದ್ದ ಬೋರ್ಡು ಒಂದೇ: ‘ಗಾಜು ತಟ್ಟಬೇಡಿ’. ಅದೂ ನಮ್ಮ ಭಾವನ ಕಣ್ಣಿಗೆ ಬೀಳಲಿಲ್ಲ.

ಬೀಳುವುದಾದರೂ ಹೇಗೆ? ಒಳಗೆಲ್ಲ ನೀಲಿ ದೀಪ. ಸಮುದ್ರದ ಆಳದಲ್ಲಿ ಕೂತು ಉಂಡ ಹಾಗೆ ಅನ್ನಿಸಬೇಕಂತೆ. ಆಳಕ್ಕೆ ಕೆಂಪು ಬೆಳಕು ಇಳಿಯುವುದಿಲ್ಲ, ಹಾಗಾಗಿ ಕೆಂಪು ಮೀನೂ ಅಲ್ಲಿ ಕಪ್ಪಾಗಿ ಕಾಣುತ್ತದೆ. ಇಲ್ಲಿ ಟೇಬಲ್ ಮೇಲಿದ್ದ ಕೆಂಪು ಸಾಸೂ ಕಪ್ಪು. ಮೆನು ಓದಲು ಎಲ್ಲರ ಕೈಯಲ್ಲೂ ಮೊಬೈಲ್ ಟಾರ್ಚು.

ಆರ್ಡರ್ ಕೊಟ್ಟದ್ದೇ ತಡ, ಭಾವನ ಟಕ್ ಟಕ್ ಶುರುವಾಯಿತು. ಅದೂ ಉಂಗುರದ ಬೆರಳಿನಿಂದ. ಬಾಡಿಗೆ ವಸೂಲಿಗೆ ಬಂದವರು ಬಾಗಿಲು ಬಡಿಯುವ ಹಾಗೆ. ‘ಏಯ್, ಈ ಕಡೆ ತಿರುಗೋ!’ ಎಂದು ಮೀನಿಗೆ ಗದರಿಕೆ ಬೇರೆ. ಮೀನಿನ ಮೈಯ ಎರಡೂ ಪಕ್ಕದಲ್ಲಿ ಉದ್ದಕ್ಕೂ ಒಂದು ಗೆರೆ ಇರುತ್ತದೆ, ನೀರು ಚೂರು ಅಲುಗಿದರೂ ಅದರಲ್ಲೇ ಗೊತ್ತಾಗುತ್ತದೆ, ಸುಮ್ನೆ ಕೂತ್ಕೊಳ್ಳಿ ಭಾವ ಎಂದೆ. ‘ಗೊತ್ತಾಗ್ಲಿ ಅಂತಾನೇ ತಟ್ತಿರೋದು’ ಎಂದರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಜನರಿಗೆಂದು ಅಕ್ವೇರಿಯಂ ತೆರೆದರಲ್ಲ, ಅವತ್ತೂ ಯಾರದೋ ಭಾವ ಹೀಗೇ ತಟ್ಟಿರಬೇಕು. ಜಪಾನಿನ ಒಕಿನಾವಾದ ಅಕ್ವೇರಿಯಂನಲ್ಲಿ 60 ಸೆಂಟಿಮೀಟರ್ ದಪ್ಪದ ಅಕ್ರಿಲಿಕ್ ಗೋಡೆ ಇದೆ. ಇವರಿಗೆ ಅದೇ ಸರಿ.

ಅಷ್ಟರಲ್ಲಿ ಡೈವರ್ ಒಬ್ಬ ಡಬ್ಬಿ ಹಿಡಿದು ನೀರಿಗಿಳಿದ. ಮೀನುಗಳಿಗೆ ಊಟದ ಹೊತ್ತು! ಇಡೀ ಹಾಲ್ ಎದ್ದು ವಿಡಿಯೊ ಮಾಡಲು ಗಾಜಿಗೆ ಮುಗಿಬಿತ್ತು. ಆ ಗುಂಪಿನ ಹಿಂದೆ ತಟ್ಟೆ ಹೊತ್ತ ವೇಟರ್ ಸಿಕ್ಕಿಕೊಂಡಿದ್ದ. ತಟ್ಟೆ ನಮ್ಮದೇ ಇರಬೇಕು, ಹೊಟ್ಟೆಗೆ ಗೊತ್ತಾಗುತ್ತದಲ್ವಾ. ಮೀನುಗಳದ್ದು ಮುಗಿಯುತ್ತಾ ಬಂತು. ನಮಗೆ ಇನ್ನೂ ನೀರೂ ಬಂದಿರಲಿಲ್ಲ.

ಭಾವನ ತಾಳ್ಮೆ ಕೆಟ್ಟಿತು. ಎದ್ದು ಹೋಗಿ ಈ ಸಲ ಡೈವರ್‌ನ ಮುಖದ ನೇರಕ್ಕೇ ಟಕ್ ಟಕ್ ಮಾಡಿದರು. ಖಾಲಿ ತಟ್ಟೆ ಎತ್ತಿ ತೋರಿಸಿದರು. ಬಾಯಿಗೆ ಕೈ ಒಯ್ದು ಅಭಿನಯಿಸಿದರು. ಅವನು ಗುಳ್ಳೆ ಬಿಡುತ್ತಾ ಖುಷಿಯಿಂದ ಕೈ ಬೀಸಿದ. ಇವರು ತಟ್ಟೆ ಇನ್ನಷ್ಟು ಮೇಲೆತ್ತಿದರು. ಅವನು ಎರಡೂ ಕೈ ಬೀಸಿ ಒಂದು ಲಾಗ ಹಾಕಿದ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅಕ್ಕ ಮೆನು ಅಡ್ಡ ಹಿಡಿದು ಮುಖ ಮುಚ್ಚಿಕೊಂಡಳು.

ಗಲಾಟೆಯಲ್ಲಿ ಸೇರದವಳು ಅಮ್ಮ ಒಬ್ಬಳೇ. ಮೂಲೆಯಲ್ಲಿ ಕಲ್ಲಿಗೆ ಒರಗಿ ನಿಂತಿದ್ದ ಒಂದು ದಪ್ಪ ಮೀನನ್ನೇ ನೋಡುತ್ತಾ ಕೂತಿದ್ದಳು. ‘ಇವಕ್ಕೆ ಕಣ್ಣಿಗೆ ರೆಪ್ಪೆ ಇರಲ್ಲ ಅಲ್ವಾ? ರಾತ್ರಿಯಾದ್ರೂ ಲೈಟ್ ಆರಿಸ್ತಾರಾ?’ ಎಂದು ವೇಟರ್‌ನನ್ನು ಕೇಳಿದಳು. ಅವನು ‘ನಂದು ಹಗಲು ಡ್ಯೂಟಿ ಅಮ್ಮಾ’ ಎಂದ. ಆಮೇಲೆ ಬಂದ ಊಟ ನನಗೆ ಅಷ್ಟಾಗಿ ಸೇರಲಿಲ್ಲ.

ಹೊರಗೆ ಬರಲು ಆಟಿಕೆ ಅಂಗಡಿಯ ನಡುವಿನ ದಾರಿ ಬಿಟ್ಟರೆ ಬೇರೆ ದಾರಿ ಇಲ್ಲ. ಅಲ್ಲಿ ನಮ್ಮದೇ ಫೋಟೊ ಫ್ರೇಮಿನಲ್ಲಿ ಕಾಯುತ್ತಿತ್ತು. ಒಳಗೆ ಬರುವಾಗ ಹಸಿರು ಪರದೆಯ ಮುಂದೆ ನಿಲ್ಲಿಸಿ ತೆಗೆದದ್ದು. ಫ್ಲ್ಯಾಶಿಗೆ ನಮ್ಮೆಲ್ಲರ ಕಣ್ಣೂ ಮುಚ್ಚಿತ್ತು. ಹಿಂದೆ ಬಾಯಿ ತೆರೆದ ಶಾರ್ಕ್. ಆ ಇಡೀ ಜಾಗದಲ್ಲಿ ಶಾರ್ಕ್ ಇರಲೇ ಇಲ್ಲ!

ಭಾವ ದುಡ್ಡು ಕೊಟ್ಟು ಅದನ್ನು ಕೊಂಡರು. ಯಾಕೆ ಎಂದರೆ, ‘ಶಾರ್ಕ್ ಚೆನ್ನಾಗಿ ಬಂದಿದೆ ಕಣೋ.’