ಕಿಲ್ಟ್ ಉಟ್ಟು ಓಡುವವರೂ ಪಂಚೆ ಉಟ್ಟು ನಿಲ್ಲುವವರೂ

ಸ್ಕಾಟ್ಲೆಂಡಿನ ಎಡಿನ್‌ಬರೊ ಮ್ಯಾರಥಾನ್ ನಗರದ ನಡುವಿನಿಂದ ಹೊರಟು, ಲೀತ್ ಮತ್ತು ಪೋರ್ಟೊಬೆಲ್ಲೊ ಹಾದು, ಕಡಲಂಚಿನಲ್ಲೇ ಪೂರ್ವಕ್ಕೆ ಸಾಗಿ, ಗಾಸ್‌ಫರ್ಡ್ ಹೌಸ್ ಬಳಿ ತಿರುಗಿ ಮಸಲ್‌ಬರೊದಲ್ಲಿ ಮುಗಿಯುತ್ತದೆ. ಈ 42.195 ಕಿಲೋಮೀಟರ್ ಹಾದಿಯ ಬದಿಯಲ್ಲಿ ನಿಂತು ನೋಡಿದರೆ ಕಿಲ್ಟ್, ಅಂದರೆ ಇಲ್ಲಿಯ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಉಡುಪು, ಉಟ್ಟು ಓಡುವ ಒಬ್ಬಿಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ನಮ್ಮ ಊರಿನಿಂದ ಬಂದ ನೆಂಟರು ಅವರನ್ನು ಕರಡಿಯ ವೇಷ, ಬಾಳೆಹಣ್ಣಿನ ವೇಷ ಹಾಕಿಕೊಂಡು ಓಡುವವರ ಸಾಲಿಗೆ ಸೇರಿಸಿ ನಗುವುದುಂಟು. ಸ್ಕಾಟ್ಲೆಂಡಿನಲ್ಲಿ ನೆಲೆಸಿ, ಇಲ್ಲಿಯ ಗೆಳೆಯರೊಡನೆ ಓಡಿ, ಅವರ ತಯಾರಿಯನ್ನು ಹತ್ತಿರದಿಂದ ನೋಡಿದ ನನಗೆ ಅದು ವೇಷವೆನಿಸುವುದಿಲ್ಲ. ತಮ್ಮ ಹಬ್ಬದ ಉಡುಪನ್ನು ಓಟದ ಉಡುಪಾಗಿಸಲು ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಅವರು ಸಂಕೋಚವಿಲ್ಲದೆ ತೀರ್ಮಾನಿಸಿದ್ದಾರೆ, ನಾವು ಪಂಚೆಯ ವಿಷಯದಲ್ಲಿ ಆ ಗೋಜಿಗೇ ಹೋಗಿಲ್ಲ ಎಂಬುದು ನನ್ನ ಅನಿಸಿಕೆ.

ಮದುವೆಗೆ ಉಡುವ ಕಿಲ್ಟ್ ಓಟಕ್ಕೆ ಹೇಳಿ ಮಾಡಿಸಿದ್ದೇನೂ ಅಲ್ಲ. ಅದಕ್ಕೆ ಎಂಟು ಗಜ ಉಣ್ಣೆ ಬಟ್ಟೆ ಬೇಕು. ನಮ್ಮ ಲೆಕ್ಕದಲ್ಲಿ ಹದಿನಾರು ಮೊಳ, ಅಂದರೆ ಕಚ್ಚೆ ಪಂಚೆಯ ಎರಡರಷ್ಟು. ಅದರಲ್ಲಿ ಹೆಚ್ಚಿನ ಪಾಲು ಹಿಂಬದಿಯ ನೆರಿಗೆಗಳಿಗೇ ಹೋಗುತ್ತದೆ. ಮುಂದೆ ಒಂದರ ಮೇಲೊಂದು ಬರುವ ಎರಡು ಸಪಾಟು ಪದರಗಳು, ಅವನ್ನು ಬಿಗಿಯಲು ತೊಗಲಿನ ಪಟ್ಟಿ ಮತ್ತು ಬಕ್ಕಲ್, ಸೊಂಟದಿಂದ ಸರಪಳಿಯಲ್ಲಿ ಜೋತುಬೀಳುವ ಸ್ಪೋರನ್ ಎಂಬ ತೊಗಲಿನ ಚೀಲ, ಮೊಣಕಾಲಿನ ತನಕ ಏರಿಸುವ ಉಣ್ಣೆಯ ಕಾಲುಚೀಲ, ಎಲ್ಲವೂ ಸೇರಿದರೆ ಭಾರ ಸಾಕಷ್ಟಾಗುತ್ತದೆ. ಮಳೆ ಬಂದರಂತೂ, ಸ್ಕಾಟ್ಲೆಂಡಿನಲ್ಲಿ ಮಳೆ ಬಾರದಿರುವುದೇ ವಿಶೇಷ, ಉಣ್ಣೆ ನೀರು ಕುಡಿದು ಇನ್ನಷ್ಟು ತೂಗುತ್ತದೆ. ಕ್ರಮದಂತೆ ಅದರ ಅಂಚು ಮೊಣಕಾಲಿನ ಚಿಪ್ಪಿನ ಮಧ್ಯಕ್ಕೆ ಬರಬೇಕು. ಓಡುವವನಿಗೆ ತೊಂದರೆ ಕೊಡುವುದು ಆ ಅಂಚೇ: ಪ್ರತಿ ಹೆಜ್ಜೆಗೂ ಒರಟು ಉಣ್ಣೆ ಮೊಣಕಾಲಿನ ಹಿಂಬದಿಯ ಎಳೆಯ ಚರ್ಮಕ್ಕೆ ತಾಗಿ, ಹತ್ತು ಕಿಲೋಮೀಟರ್ ಮುಗಿಯುವಷ್ಟರಲ್ಲಿ ಅಲ್ಲಿ ಬರೆ ಎಳೆದಂತೆ ಕೆಂಪು ಗೆರೆ ಮೂಡಿರುತ್ತದೆ.

ಹೀಗಾಗಿ ಅನುಭವವುಳ್ಳವರು ಓಟಕ್ಕೆಂದೇ ಬೇರೆ ಕಿಲ್ಟ್ ಇಟ್ಟುಕೊಳ್ಳುತ್ತಾರೆ. ಅದು ಪಾಲಿಯೆಸ್ಟರಿನಂಥ ಹಗುರ ಬಟ್ಟೆಯದು. ನೆರಿಗೆ ಕಡಿಮೆ, ಉದ್ದ ಮೊಣಕಾಲಿಗಿಂತ ಒಂದೆರಡು ಅಂಗುಲ ಮೇಲಕ್ಕೆ. ಸ್ಪೋರನ್ ಮನೆಯಲ್ಲೇ ಉಳಿಯುತ್ತದೆ, ಏಕೆಂದರೆ ಓಡುವಾಗ ಅದು ಎಲ್ಲಿ ಬಡಿಯುತ್ತದೆಂಬುದನ್ನು ಗಂಡಸರಿಗೆ ಬಿಡಿಸಿ ಹೇಳಬೇಕಿಲ್ಲ. ಕಿಲ್ಟಿನ ಮುಂಬದಿಗೆ ಸಿಕ್ಕಿಸುವ ಅಲಂಕಾರದ ಪಿನ್ ಬೇಕೇಬೇಕು ಎನ್ನುವವರು ಮೇಲಿನ ಪದರಕ್ಕೆ ಮಾತ್ರ ಚುಚ್ಚುತ್ತಾರೆ. ಎರಡೂ ಪದರ ಸೇರಿಸಿ ಚುಚ್ಚಿದರೆ ಹೆಜ್ಜೆ ಅಗಲವಾದಾಗ ಬಟ್ಟೆ ಹರಿಯುತ್ತದೆ. ಒಳಗೆ ಏನೂ ತೊಡಬಾರದೆಂಬ ಹಳೆಯ ತಮಾಷೆ ಕುಡಿಯುವ ಕೂಟಕ್ಕೆ ಸರಿಯೇ ಹೊರತು ಓಟಕ್ಕಲ್ಲ. ತೊಡೆಗೆ ತೊಡೆ ಉಜ್ಜಿ ಸುಲಿಯದಂತೆ ಅರ್ಧ ತೊಡೆಯವರೆಗೆ ಬರುವ ಬಿಗಿಯಾದ ಚಡ್ಡಿ ತೊಟ್ಟು, ಸಂದುಗಳಿಗೆ ವ್ಯಾಸಲೀನ್ ಸವರಿಕೊಂಡೇ ಅವರು ಹೊರಡುತ್ತಾರೆ. ಅಲ್ಲದೆ ಕಡಲ ಗಾಳಿ ಯಾರ ಮರ್ಯಾದೆಯನ್ನೂ ನೋಡುವುದಿಲ್ಲ. ಪಡುವಣ ಗಾಳಿಯಿದ್ದ ದಿನ, ಪೂರ್ವಕ್ಕೆ ಓಡುವಾಗ ಹಿಂದಿನ ನೆರಿಗೆಗಳು ಕೊಡೆಯ ಹಾಗೆ ಏಳುತ್ತವೆ. ತಿರುಗಿ ಮಸಲ್‌ಬರೊ ಕಡೆಗೆ ಬರುವಾಗ ಮುಂದಿನ ಪದರ ತೊಡೆಗೆ ಅಂಟಿಕೊಂಡು ಕಾಲು ಎತ್ತಲು ಅಡ್ಡಿಯಾಗುತ್ತದೆ. ಇಷ್ಟನ್ನು ಸಂಭಾಳಿಸಿಕೊಂಡರೆ, ತೊಡೆಯ ಸುತ್ತ ಗಾಳಿಯಾಡುವುದರಿಂದ ಸಾಮಾನ್ಯ ಚಡ್ಡಿಗಿಂತ ಕಿಲ್ಟೇ ಹಾಯೆನಿಸುತ್ತದೆ ಎಂದು ಓಡುವವರು ಹೇಳುತ್ತಾರೆ. ಹಿಂದಿನ ನೆರಿಗೆಗಳು ಹೆಜ್ಜೆಯೊಡನೆ ಬಿಚ್ಚಿ ಮುಚ್ಚುವ ರೀತಿಯನ್ನು ನೋಡಿದರೆ ನಂಬಬಹುದಾದ ಮಾತು.

ಹೀಗೆ ಬದಲಿಸಿಕೊಂಡರೆ ಸಂಪ್ರದಾಯ ಕೆಡುವುದಿಲ್ಲವೇ ಎಂದು ಕೇಳುವವರು ಕಿಲ್ಟಿನ ಚರಿತ್ರೆಯನ್ನೇ ನೋಡಬೇಕು. ಮೊದಲು ಇದ್ದದ್ದು ಇಡೀ ಮೈಗೆ ಸುತ್ತಿ, ಸೊಂಟಕ್ಕೆ ಬೆಲ್ಟ್ ಬಿಗಿದು, ಉಳಿದದ್ದನ್ನು ಹೆಗಲಿಗೇರಿಸುವ, ಹೊಲಿಗೆಯಿಲ್ಲದ ಉದ್ದನೆಯ ಬಟ್ಟೆ. 1689ರ ಕಿಲ್ಲಿಕ್ರ್ಯಾಂಕಿ ಕಾಳಗದಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಾದ ಹೈಲ್ಯಾಂಡಿನ ಯೋಧರು ಇಳಿಜಾರಿನಲ್ಲಿ ಶತ್ರುವಿನ ಮೇಲೆ ಓಡಿ ಬೀಳುವ ಮುನ್ನ ಅದನ್ನು ಕಳಚಿ ಎಸೆದು, ಅಂಗಿಯಲ್ಲೇ ನುಗ್ಗಿದರಂತೆ. ಓಟಕ್ಕೆ ಅಡ್ಡಿಯಾದುದನ್ನು ಬಿಡುವ ಬುದ್ಧಿ ಅಷ್ಟು ಹಳೆಯದು. ಹದಿನೆಂಟನೆಯ ಶತಮಾನದಲ್ಲಿ ಮೇಲರ್ಧವನ್ನು ಬಿಟ್ಟು ಸೊಂಟದ ಕೆಳಗಿನ ಭಾಗವಷ್ಟೇ ಉಳಿದು ಇಂದಿನ ಗಿಡ್ಡ ಕಿಲ್ಟ್ ರೂಪುಗೊಂಡಿತು. ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್ಸನ್ ಎಂಬ ಇಂಗ್ಲಿಷಿನವನು ತನ್ನ ಕೆಲಸಗಾರರ ಅನುಕೂಲಕ್ಕಾಗಿ ಅದನ್ನು ಹಾಗೆ ಮಾಡಿಸಿದನೆಂಬ ಕಥೆಯಿದೆ; ಅದನ್ನು ಒಪ್ಪದವರೂ ಬಹಳ ಮಂದಿಯಿದ್ದಾರೆ. 1746ರ ಕಾಯಿದೆ ಈ ಉಡುಪನ್ನು ನಿಷೇಧಿಸಿತು, 1782ರಲ್ಲಿ ಆ ನಿಷೇಧ ತೆರವಾಯಿತು, 1822ರಲ್ಲಿ ಎಡಿನ್‌ಬರೊಗೆ ಬಂದ ನಾಲ್ಕನೆಯ ಜಾರ್ಜ್ ದೊರೆ ತಾನೇ ಅದನ್ನು ಉಟ್ಟು ಮೆರೆದನು. ಇಷ್ಟೆಲ್ಲ ಏರಿಳಿತ ಕಂಡ ಬಟ್ಟೆಗೆ ಎರಡು ಅಂಗುಲ ಮೇಲೇರಿದರೆ ಅವಮಾನವೆನಿಸುವುದಿಲ್ಲ.

ಇನ್ನು ನಮ್ಮ ಕಡೆಯ ಮಾತು. ಲುಂಗಿಯ ಹಾಗೆ ಸುತ್ತಿ ಉಡುವ ಪಂಚೆಗೆ ನೆರಿಗೆಯಿಲ್ಲ. ಹೆಜ್ಜೆ ಬಿಡಿಸಲು ಅದರಲ್ಲಿ ಜಾಗವಿಲ್ಲ. ಮೇಲಕ್ಕೆತ್ತಿ ಮಡಚಿ ಕಟ್ಟಿದರೆ ಕಾಲೇನೋ ಆಡುತ್ತದೆ, ಆದರೆ ಸೊಂಟದ ಗಂಟನ್ನು ನಂಬುವ ಹಾಗಿಲ್ಲ. ಈ ಹೋಲಿಕೆಯಲ್ಲಿ ಬಕ್ಕಲ್ ಇರುವ ಕಿಲ್ಟೇ ಮೇಲು ಎಂದು ಒಪ್ಪುತ್ತೇನೆ. ಕಚ್ಚೆಯ ವಿಷಯ ಬೇರೆ. ಎರಡು ಕಾಲುಗಳ ನಡುವೆ ಬಟ್ಟೆ ಹಾಯುವುದರಿಂದ ತೊಡೆ ಉಜ್ಜುವುದಿಲ್ಲ, ಗಾಳಿಗೆ ಹಾರುವುದಿಲ್ಲ, ಮಂಡಿಯಿಂದ ಮೇಲಕ್ಕೆ ಬಿಗಿದರೆ ಅಂಚು ತಾಗುವುದೂ ಇಲ್ಲ; ಹತ್ತಿಯಾದುದರಿಂದ ಹಗುರ. ಸ್ಕಾಟರು ಬಿಗಿ ಚಡ್ಡಿ, ವ್ಯಾಸಲೀನ್, ಕತ್ತರಿಗಳಿಂದ ಸಾಧಿಸುವುದನ್ನು ಕಚ್ಚೆ ಕಟ್ಟುವ ಕ್ರಮವೊಂದೇ ಸಾಧಿಸುತ್ತದೆ. ತುಳುನಾಡಿನ ಕಂಬಳದ ಕರೆಯಲ್ಲಿ, ಕೆಸರು ನೀರಿನ ನಡುವೆ, ಕೋಣಗಳ ಹಿಂದೆ ಮಿಂಚಿನಂತೆ ಓಡುವವರಿಗೆ ಇದು ಹೊಸ ವಿಷಯವಲ್ಲ.

ಆದರೂ ನಮ್ಮ ನಗರದ ಓಟಗಳಲ್ಲಿ ಪಂಚೆ ಉಟ್ಟವನು ಕಂಡರೆ ಜನ ಫೋಟೊ ತೆಗೆದು ನಗುತ್ತಾರೆ. ಅವನೂ ಬಹುಪಾಲು ಅದಕ್ಕೆಂದೇ ಉಟ್ಟಿರುತ್ತಾನೆ. ಹೊರನಾಡಿನಲ್ಲಿರುವ ನಾವು ಇನ್ನೂ ಒಂದು ಕೈ ಮುಂದೆ: ರಾಜ್ಯೋತ್ಸವದ ದಿನ ಶಲ್ಯ, ಜರಿ ಪಂಚೆ ಧರಿಸಿ ವೇದಿಕೆಯ ಮೇಲೆ ನಿಲ್ಲುತ್ತೇವೆ, ಇಸ್ತ್ರಿಯ ಗೆರೆ ಕೆಡಬಾರದೆಂದು ಕುಳಿತುಕೊಳ್ಳಲೂ ಹಿಂಜರಿಯುತ್ತೇವೆ. ಈ ವಿಷಯದಲ್ಲಿ ಹೆಂಗಸರೇ ಧೈರ್ಯವಂತರು. ಮ್ಯಾಂಚೆಸ್ಟರಿನಲ್ಲಿ ನೆಲೆಸಿರುವ ಒಡಿಶಾದ ಮಧುಸ್ಮಿತಾ ಜೆನಾ ದಾಸ್ ಅವರು 2023ರಲ್ಲಿ ಸಂಬಲ್ಪುರಿ ಸೀರೆಯುಟ್ಟು ಅಲ್ಲಿಯ ಮ್ಯಾರಥಾನನ್ನು 5 ತಾಸಿನೊಳಗೆ ಓಡಿ ಮುಗಿಸಿದರು.

ವೆಲ್ಕ್ರೊ ಅಂಟಿಸಿದ ಪಂಚೆ ಅಂಗಡಿಗೆ ಬಂದಾಗ ಹಿರಿಯರು ಮೂಗು ಮುರಿದರು. ಅದಕ್ಕೂ ಓಟದ ಕಿಲ್ಟಿಗೂ ಗುಣದಲ್ಲಿ ವ್ಯತ್ಯಾಸವಿಲ್ಲ. ಎರಡೂ ಬಳಸುವವನ ಅನುಕೂಲಕ್ಕೆ ಹುಟ್ಟಿದವು. ನನಗೆ ಬೇಕಾದದ್ದು ಇನ್ನೊಂದು ಹೆಜ್ಜೆ ಮುಂದಿನದು: ತೆಳು ಬಟ್ಟೆಯ, ಅಗಲ ಕಡಿಮೆಯಿರುವ, ಸೊಂಟದಲ್ಲಿ ಗಟ್ಟಿ ಪಟ್ಟಿಯಿರುವ ಕಚ್ಚೆ ಪಂಚೆ. ಅದನ್ನು ಹೊಲಿದುಕೊಡುವ ದರ್ಜಿ ಬೆಂಗಳೂರಿನಲ್ಲಿ ಸಿಕ್ಕರೆ ಮಸಲ್‌ಬರೊದ ಗಾಳಿಗೆ ಅದನ್ನು ಒಡ್ಡಿ ನೋಡಲು ನಾನು ಸಿದ್ಧ.