ಸರಿಗೆಯ ಮೇಲಿನ ಮೀಸೆ

ತೋಟದ ಅಂಚಿನಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳನ್ನು ಇಟ್ಟಂದಿನಿಂದ ನಮ್ಮ ಅಂಗಳದ ಬಟ್ಟೆ ಒಣಹಾಕುವ ಸರಿಗೆಗೆ ಹೊಸ ಯಜಮಾನನೊಬ್ಬ ಬಂದಿದ್ದಾನೆ. ನೀಳವಾದ ಹೊಟ್ಟೆ, ಮುಳ್ಳುಮುಳ್ಳಾದ ಕಾಲುಗಳು, ಮುಖದ ತುಂಬ ಬಿರುಸಾದ ಮೀಸೆ. ಈತ ಪ್ರೊಮಾಕಸ್ ಕುಲದ ದರೋಡೆ ನೊಣ. ಜರ್ಮನಿಯ ಕೀಟತಜ್ಞ ಹರ್ಮನ್ ಲೋವ್ 1848ರಲ್ಲಿ ಈ ಕುಲಕ್ಕೆ ಹೆಸರಿಟ್ಟನಂತೆ. ಮೀಸೆ ಶೋಕಿಗಲ್ಲ, ಹಿಡಿದ ಬೇಟೆ ಒದ್ದಾಡುವಾಗ ಮುಖಕ್ಕೆ ಪೆಟ್ಟಾಗದಿರಲೆಂದು ಇರುವ ಗುರಾಣಿ.

ಮೇದು ಮನೆಗೆ ಮರಳುವ ಜೇನನ್ನು ಗಾಳಿಯಲ್ಲೇ ಹಿಡಿದು, ಗಟ್ಟಿಯಾದ ಸೊಂಡಿಲನ್ನು ಚುಚ್ಚಿ, ನರಗಳನ್ನು ಮರಗಟ್ಟಿಸಿ ಒಳಗಿನ ಮಾಂಸವನ್ನೇ ನೀರಾಗಿಸುವ ಎಂಜಲನ್ನು ಇಳಿಸಿ, ಮತ್ತೆ ಅದೇ ಸರಿಗೆಗೆ ಬಂದು ಕುಳಿತು, ಬಿಸಿಲಿನಲ್ಲಿ ಎಳನೀರು ಕುಡಿಯುವವನ ನೆಮ್ಮದಿಯಿಂದ ಹೀರುತ್ತಾನೆ. ಬರಿದಾದ ಜೇನಿನ ಚಿಪ್ಪು ಬೀಳುವುದು ಸಾಮಾನ್ಯವಾಗಿ ನನ್ನ ಬಿಳಿ ಪಂಚೆಯ ಮೇಲೆ.

ಓಡಿಸಿಬಿಡೋಣವೆಂದರೆ ಅದಕ್ಕೂ ತೊಡಕಿದೆ. ಇವನ ಬಳಗದ ಹೆಣ್ಣು ಹುಲ್ಲಿನ ಗರಿಗೆ ಸುಣ್ಣ ಮೆತ್ತಿದಂತೆ ಬಿಳಿಯ ಮೊಟ್ಟೆಯ ಮುದ್ದೆಯನ್ನಿಡುತ್ತದೆ. ಅದರಿಂದ ಹೊರಬಂದ ಮರಿಗಳು ಮಣ್ಣಿಗಿಳಿದು ದುಂಬಿಗಳ ಗೊಣ್ಣೆಹುಳುಗಳನ್ನು ತಿಂದು ಬೆಳೆಯುತ್ತವೆ. ಅಡಿಕೆಯ ಬುಡ ತಿನ್ನುವ ಬೇರುಹುಳವೂ ಅದೇ ಜಾತಿಯ ಗೊಣ್ಣೆಹುಳುವಾದ್ದರಿಂದ, ಜೇನಿನ ಖಾತೆಯಲ್ಲಿ ಆದ ನಷ್ಟ ಅಡಿಕೆಯ ಖಾತೆಯಲ್ಲಿ ತುಂಬಿಬಂದೀತೆಂಬ ಆಸೆ ನನಗೆ. ಪಂಚೆ ಒಗೆಯುವ ಮನೆಯಾಕೆಗೆ ಈ ಲೆಕ್ಕಾಚಾರ ಒಪ್ಪಿಗೆಯಾಗಲಿಲ್ಲ. ಆಕೆ ಸೊಳ್ಳೆ ಬ್ಯಾಟು ಬೀಸಿದಾಗ ನೊಣ ಗೇಣುದ್ದ ಸರಿದು ಕುಳಿತಿತು. ಬ್ಯಾಟು ಸರಿಗೆಗೆ ಸಿಕ್ಕಿ, ಒಣಗಿದ ಬಟ್ಟೆಗಳೆಲ್ಲ ಅಂಗಳದ ಸಗಣಿ ಸಾರಣೆಯ ಮೇಲೆ ಮಲಗಿದವು.

ಅಂದು ಊಟಕ್ಕೆ ಬಂದಿದ್ದ ಭಾವನವರು ಇದನ್ನೆಲ್ಲ ಜಗಲಿಯಿಂದ ನೋಡಿ ನಕ್ಕರು. “ಒಂದು ನೊಣಕ್ಕೆ ಇಷ್ಟು ಹೆದರುದಾ ಭಾವ?” ಎಂದು ಇಳಿದು ಬಂದವರು, ಬೇಟೆ ಹೀರುವುದರಲ್ಲಿ ಮೈಮರೆತಿದ್ದ ಅದನ್ನು ಎರಡು ಬೆರಳುಗಳಲ್ಲಿ ಹಿಡಿದೇಬಿಟ್ಟರು. ದರೋಡೆ ನೊಣ ತಾನಾಗಿ ಮನುಷ್ಯರ ತಂಟೆಗೆ ಬರುವುದಿಲ್ಲ, ಹಿಡಿದರೆ ಮಾತ್ರ ಚುಚ್ಚುತ್ತದೆ ಎಂಬ ವಾಕ್ಯದ ಮೊದಲರ್ಧವನ್ನಷ್ಟೇ ನಾನು ಹೇಳಿ ಮುಗಿಸಿದ್ದೆ. ಮುಂದಿನ ಕೂಗು ಆಚೆಮನೆಯವರನ್ನು ಬೇಲಿಯವರೆಗೆ ಕರೆತಂದಿತು. ಬೆರಳಿಗೆ ಸುಣ್ಣ ಹಚ್ಚಿಸಿಕೊಂಡು ಕುಳಿತಿದ್ದ ಭಾವನವರು, ಏನಾಯಿತೆಂದು ಕೇಳಿದವರಿಗೆ, ನನ್ನ ಮುಖವನ್ನು ನೋಡದೆ, ಬಹಳ ಗಂಭೀರವಾಗಿ “ಹೆಜ್ಜೇನು” ಎಂದರು.