ಕೆಂಪು ಮಾಮ, ಮೂರು ಕೂಗು

ವರ್ಲ್ಡ್ ಆಫ್ ಟ್ಯಾಂಕ್ಸ್ ಅನ್ನೋ ಕಂಪ್ಯೂಟರ್ ಆಟ ಆಡುವವರಲ್ಲಿ ಎರಡು ಥರದ ಜನ ಇದ್ದಾರೆ. ಕೆಲವರು ಟ್ಯಾಂಕ್ ಓಡಿಸುತ್ತಾರೆ. ಇನ್ನು ಕೆಲವರು ಬೇರೆಯವರು ಓಡಿಸಿದ್ದಕ್ಕೆ ಮಾರ್ಕ್ಸ್ ಹಾಕುತ್ತಾರೆ. ಈ ಎರಡನೇ ಥರದವರು ಸಾಮಾನ್ಯವಾಗಿ ಆಟ ಶುರುವಾದ ಎರಡು ನಿಮಿಷಕ್ಕೇ ಸತ್ತಿರುತ್ತಾರೆ. ಮಾಡೋಕೆ ಕೆಲಸ ಇಲ್ಲ, ಮುಂದೆ ಕೀಬೋರ್ಡ್ ಇದೆ. ಉಳಿದ 14 ಜನರ ಜಾತಕ ಬರೆಯೋಕೆ ಇನ್ನೇನು ಬೇಕು? ನಾನು ಆಡೋದು ಏಷ್ಯಾ ಸರ್ವರ್‌ನಲ್ಲಿ. ಅಲ್ಲಿ ಚಾಟ್‌ನಲ್ಲಿ ಬೈಗುಳ ಜಪಾನಿ, ಚೀನಿ, ವಿಯೆಟ್ನಾಮಿ ಎಲ್ಲದರಲ್ಲೂ ಬರುತ್ತೆ. ಒಂದೂ ಅರ್ಥವಾಗದ ಕಾರಣ ನನ್ನ ಬಿಪಿ ಇನ್ನೂ ನಾರ್ಮಲ್ ಇದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಈ ಕಡೆ 15 ಟ್ಯಾಂಕು, ಆ ಕಡೆ 15 ಟ್ಯಾಂಕು, ಗರಿಷ್ಠ 15 ನಿಮಿಷ. ಎದುರಾಳಿಗಳನ್ನೆಲ್ಲ ಉಡಾಯಿಸಬೇಕು, ಇಲ್ಲಾಂದ್ರೆ ಅವರ ಬೇಸ್‌ನಲ್ಲಿ ಹೋಗಿ ನಿಂತು 100 ಪಾಯಿಂಟ್ ಆಗೋವರೆಗೆ ಕಾಯಬೇಕು. ಸತ್ತರೆ ಆ ಆಟದಲ್ಲಿ ಮತ್ತೆ ಹುಟ್ಟೋ ಹಾಗಿಲ್ಲ. ಇಷ್ಟೇ.

ಕಷ್ಟ ಇರೋದು ಯಾರು ಚೆನ್ನಾಗಿ ಆಡಿದರು ಅಂತ ಹೇಳೋದರಲ್ಲಿ. ಗೆಲುವಿನ ಪರ್ಸೆಂಟ್ ನೋಡೋಣ ಅಂದ್ರೆ, 15 ಜನರಲ್ಲಿ ನಾನೊಬ್ಬ. ಉಳಿದ 14 ಜನ ಬಂಡೆಗೆ ಡಿಕ್ಕಿ ಹೊಡೆದು ಕೆರೆಗೆ ಬಿದ್ದರೆ ನಾನೇನು ಮಾಡಲಿ? ಇಬ್ಬರು ಗಟ್ಟಿ ಗೆಳೆಯರನ್ನ ಕಟ್ಟಿಕೊಂಡು ಪ್ಲಟೂನ್ ಮಾಡಿ ಆಡುವವನ ಪರ್ಸೆಂಟ್ ತಾನಾಗೇ ಏರುತ್ತೆ. ಅದು ಅವನ ಆಟವೋ, ಗೆಳೆಯರ ಪುಣ್ಯವೋ?

ಅದಕ್ಕೇ ಆಟಗಾರರೇ ಕೂತು ಡಬ್ಲ್ಯುಎನ್8 ಅಂತ ಒಂದು ಸೂತ್ರ ಮಾಡಿದ್ದಾರೆ. ಜೊತೆಗೆ ಎಕ್ಸ್‌ವಿಎಂ ಅನ್ನೋ ಮಾಡ್, ಅಂದರೆ ಆಟಕ್ಕೆ ಹೊರಗಿನಿಂದ ಸೇರಿಸಿಕೊಳ್ಳೋ ಪುಟ್ಟ ಪ್ರೋಗ್ರಾಂ, ಇದೆ. ಅದನ್ನ ಹಾಕಿಕೊಂಡರೆ ಪ್ರತಿ ಹೆಸರಿನ ಪಕ್ಕ ಆಟಗಾರನ ಯೋಗ್ಯತೆ ಬಣ್ಣದಲ್ಲಿ ಕಾಣುತ್ತೆ. ಕೆಂಪು ಅಂದರೆ ದಂಡಪಿಂಡ. ಕಿತ್ತಳೆ, ಹಳದಿ, ಹಸಿರು, ನೀಲಿ ದಾಟಿ ಮೇಲೆ ಹೋದರೆ ನೇರಳೆ. ನೇರಳೆ ಬಣ್ಣದವರಿಗೆ ಯೂನಿಕಂ ಅಂತ ಬಿರುದು. ಕೆಂಪಿನವರನ್ನ ಟೊಮ್ಯಾಟೊ ಅಂತಾರೆ.

ಇದನ್ನೆಲ್ಲ ನನ್ನ ಕಂಪ್ಯೂಟರ್‌ಗೆ ಹಾಕಿಕೊಟ್ಟವನು ಅಕ್ಕನ ಮಗ. ಇಂಜಿನಿಯರಿಂಗ್ ಓದುತ್ತಾನೆ, ರಜಕ್ಕೆ ಬಂದಿದ್ದ. ಇನ್‌ಸ್ಟಾಲ್ ಮಾಡಿ, ಸ್ಕ್ರೀನ್ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಮಾ, ನಿಮ್ಮ ಮಾನಿಟರ್‌ನಲ್ಲಿ ಬಣ್ಣ ಸರಿಯಾಗಿ ಬರುತ್ತಾ?" ಅಂದ. ಸಭ್ಯ ಹುಡುಗ.

ಅಮ್ಮನಿಗೆ ಸೂತ್ರ ಬೇಕಿಲ್ಲ. ಅವಳು ಹಾಲ್‌ನಲ್ಲಿ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಾ ನೇರವಾಗಿ ಆಟ ನೋಡುತ್ತಾಳೆ. "ಯಾಕೋ, ನಿನ್ನ ಗಾಡಿ ಅಲ್ಲಾಡ್ತಾನೇ ಇಲ್ಲ? ಪೆಟ್ರೋಲ್ ಖಾಲಿಯಾ?" ಪೊದೆ ಹಿಂದೆ ಅಡಗಿ ಕಾಯೋದೂ ಯುದ್ಧತಂತ್ರ ಅಂತ ನಾನು ವಿವರಿಸಿದೆ. "ನಿಮ್ಮಪ್ಪನೂ ನೆಂಟರು ಬಂದಾಗ ಹಿತ್ತಲಲ್ಲಿ ಇದೇ ತಂತ್ರ ಮಾಡ್ತಿದ್ದರು" ಅಂದಳು.

ಅವತ್ತಿನ ಆಟ ಮಾಲಿನೋವ್ಕಾ ಮ್ಯಾಪ್‌ನಲ್ಲಿ. ನಡುವೆ ದೊಡ್ಡ ಬಯಲು, ಪಕ್ಕದಲ್ಲಿ ಒಂದು ಗುಡ್ಡ. ನನ್ನದು ಅಮೆರಿಕದ ಟಿ95. ಎದುರುಗಡೆ ಗೋಡೆಯಂಥ ಉಕ್ಕು. ವೇಗ ಮಾತ್ರ ಗಂಟೆಗೆ 13 ಕಿಲೋಮೀಟರ್. ಎರಡನೇ ಮಹಾಯುದ್ಧದ ಕಾಲಕ್ಕೆ ಅಂತ ಅಮೆರಿಕದವರು ಈ ಭೂತವನ್ನ ನಿಜಕ್ಕೂ ಕಟ್ಟಿದ್ದರು, ಎರಡೇ ಎರಡು. ತೂಕ 86 ಟನ್. ಒಂದಕ್ಕೆ ಬೆಂಕಿ ಬಿತ್ತು. ಇನ್ನೊಂದು ಎಲ್ಲಿಟ್ಟಿದ್ದೇವೆ ಅನ್ನೋದೇ ಮರೆತುಹೋಗಿ, ಕೊನೆಗೆ 1974ರಲ್ಲಿ ವರ್ಜೀನಿಯಾದ ಫೋರ್ಟ್ ಬೆಲ್ವಾರ್‌ನ ಒಂದು ಹಿಂಬಯಲಲ್ಲಿ ಸಿಕ್ಕಿತು. 86 ಟನ್ ವಸ್ತು ಎಲ್ಲಿಟ್ಟೆವು ಅಂತ ಗೊತ್ತಾಗದ ಸೈನ್ಯವೇ ಇರುವಾಗ, ಕನ್ನಡಕ ಹುಡುಕೋ ನನ್ನನ್ನ ಯಾಕೆ ಬೈಯಬೇಕು?

ನಮ್ಮ ಟೀಮ್‌ನಲ್ಲಿ ಒಂದು ಪುಟ್ಟ ಲೈಟ್ ಟ್ಯಾಂಕ್ ಇತ್ತು. ಅದು ಸೀದಾ ಬಯಲಿನ ಮಧ್ಯಕ್ಕೆ ಓಡಿ, ಒಂದು ಪೊದೆಯಲ್ಲಿ ಉಸಿರು ಬಿಗಿಹಿಡಿದು ಕೂತಿತು. ಒಂದು ಗುಂಡೂ ಹಾರಿಸಲಿಲ್ಲ. ಹಾರಿಸಿದರೆ ಇರೋ ಜಾಗ ಗೊತ್ತಾಗುತ್ತೆ. ಅದು ಅಲ್ಲಿ ಕೂತಿದ್ದರಿಂದಲೇ ಎದುರಾಳಿಗಳು ಒಬ್ಬೊಬ್ಬರಾಗಿ ನಮ್ಮ ಸ್ಕ್ರೀನ್ ಮೇಲೆ ಕಾಣಿಸಿಕೊಂಡರು, ನಾವು ಹಿಂದೆ ಕೂತು ಆರಾಮಾಗಿ ಹೊಡೆದೆವು. ಮದುವೆ ಮನೆಯಲ್ಲಿ ಹೋಳಿಗೆ ಬಡಿಸಿದವನಿಗೆ ಹೆಸರು, ಹೂರಣ ರುಬ್ಬಿದವನನ್ನ ಯಾರು ಕೇಳುತ್ತಾರೆ?

ಗುಡ್ಡದ ಮೇಲೆ ನಮ್ಮ ನೇರಳೆ ಮಹಾಶಯ ಇದ್ದ. ಚುರುಕು ಟ್ಯಾಂಕು, ಚುರುಕು ಕೈ. ಒಪ್ಪಲೇಬೇಕು, ಗುರಿ ತಪ್ಪುತ್ತಲೇ ಇರಲಿಲ್ಲ. ಅಷ್ಟರಲ್ಲಿ ಎದುರಾಳಿ ಟ್ಯಾಂಕೊಂದು ಕಳ್ಳ ಬೆಕ್ಕಿನ ಹಾಗೆ ಬಂದು ನಮ್ಮ ಬೇಸ್‌ನಲ್ಲಿ ನಿಂತಿತು. ಒಂದೇ ಟ್ಯಾಂಕಾದರೆ ಸೆಕೆಂಡಿಗೆ ಒಂದು ಪಾಯಿಂಟ್. 30. 31. ಬೇಸ್‌ಗೆ ಬಾ ಅಂತ ನೇರಳೆಯವನಿಗೆ ಸಿಗ್ನಲ್ ಕೊಟ್ಟೆ. ಅವನಿಗೆ ಎದುರಿಗೆ ಇನ್ನೂ ಹೊಡೆಯೋಕೆ ಟ್ಯಾಂಕುಗಳಿದ್ದವು. ಬರಲಿಲ್ಲ.

ನಾನೇ ಹೊರಟೆ. ಸೆಕೆಂಡಿಗೆ ಮೂರೂವರೆ ಮೀಟರ್.

ಅದೇ ಹೊತ್ತಿಗೆ ಅಮ್ಮ, "ಕುಕ್ಕರ್ ಮೂರು ಕೂಗು ಕೂಗಿದ ಮೇಲೆ ಆಫ್ ಮಾಡೋ, ನಂಗೆ ಏಳೋಕೆ ಆಗಲ್ಲ, ಮಂಡಿ ನೋವು" ಅಂದಳು. ಪಕ್ಕದಲ್ಲೇ ಅಕ್ಕನ ಮಗ ಮೊಬೈಲ್ ಹಿಡಿದು ಕೂತಿದ್ದ. ಆದರೆ ಮೊಮ್ಮಗನಿಗೆ ಕೆಲಸ ಹೇಳೋ ಪದ್ಧತಿ ನಮ್ಮ ಮನೆಯಲ್ಲಿಲ್ಲ.

52. ಮೊದಲನೇ ಕೂಗು. ಟಿ95 ಒಂದು ಬೇಲಿ ದಾಟಿತು.

"ನಡ್ಕೊಂಡು ಹೋಗಿದ್ರೂ ಇಷ್ಟು ಹೊತ್ತಿಗೆ ಸೇರ್ತಿದ್ದೆ" ಅಂದಳು ಅಮ್ಮ.

68. ಎರಡನೇ ಕೂಗು. ಮನೆಯೊಂದರ ಮೂಲೆ ಅಡ್ಡ ಬಂತು. 81. ಮೂರನೇ ಕೂಗು. "ಲೋ!" 90. ನಾಲ್ಕು. "ಲೋ, ಅನ್ನ!" 94ಕ್ಕೆ ಆ ಟ್ಯಾಂಕಿನ ಬೆನ್ನು ಕಾಣಿಸಿತು. ಗುಂಡು ಬಿಟ್ಟೆ. ತಗಲಿತು. ಪಾಯಿಂಟ್ 94ರಿಂದ ಸೊನ್ನೆಗೆ ಇಳಿಯಿತು. ಬೇಸ್ ಉಳಿಯಿತು.

ಈಗ ನೇರಳೆ ಮಹಾಶಯ ಬಂದ. ಅರೆಜೀವವಾಗಿದ್ದ ಆ ಟ್ಯಾಂಕಿಗೆ ಕೊನೇ ಏಟು ಹೊಡೆದು, ಕೊಂದ ಲೆಕ್ಕ ತನ್ನ ಹೆಸರಿಗೆ ಬರೆಸಿಕೊಂಡು, ಬಂದ ದಾರಿಯಲ್ಲೇ ವಾಪಸ್ ಹೋದ. ಆಟ ಗೆದ್ದೆವು.

ಅಕ್ಕನ ಮಗ ಆ ಒಂದು ಆಟಕ್ಕೆ ಡಬ್ಲ್ಯುಎನ್8 ಲೆಕ್ಕ ಹಾಕಿದ. ನನಗೂ ಆಗಲೇ ತಿಳಿದದ್ದು. ಸೂತ್ರದಲ್ಲಿ ಹೊಡೆದ ಏಟಿಗೆ 980ರ ತೂಕ. ಎದುರಾಳಿಯನ್ನ ಪತ್ತೆ ಹಚ್ಚಿದ್ದಕ್ಕೆ 155. ಬೇಸ್ ಕಾಪಾಡಿದ್ದಕ್ಕೆ 75. ಪರವಾಗಿಲ್ಲ, 75 ಆದರೂ ಇದೆಯಲ್ಲ ಅಂದುಕೊಂಡೆ. "ಇಲ್ಲ ಮಾಮಾ, ಆ ಎರಡನ್ನೂ ಎಷ್ಟು ಟ್ಯಾಂಕ್ ಕೊಂದಿದ್ದೀರ ಅನ್ನೋದರಿಂದ ಗುಣಿಸಬೇಕು." ಆ ಆಟದಲ್ಲಿ ನಾನು ಕೊಂದದ್ದು ಸೊನ್ನೆ. ಲೈಟ್ ಟ್ಯಾಂಕಿನವನದೂ ಸೊನ್ನೆ. ಸೊನ್ನೆಯಿಂದ ಗುಣಿಸಿದರೆ ಏನು ಬರುತ್ತೆ ಅಂತ ಹೇಳೋಕೆ ಇಂಜಿನಿಯರಿಂಗ್ ಬೇಕಾಗಿಲ್ಲ. ಲೈಟ್ ಟ್ಯಾಂಕಿನವನು ತೋರಿಸಿದ ಟ್ಯಾಂಕುಗಳಿಗೆ ನಾವು ಕೊಟ್ಟ ಏಟುಗಳಿಗಂತೂ ಆ ಸೂತ್ರದಲ್ಲಿ ಜಾಗವೇ ಇಲ್ಲ.

ಆಟದವರದ್ದೇ ಇನ್ನೊಂದು ಲೆಕ್ಕ ಇದೆ, ಟ್ಯಾಂಕಿನ ನಳಿಗೆ ಮೇಲೆ ಹಾಕೋ ಪಟ್ಟಿ. ಅದು ಸ್ವಲ್ಪ ವಾಸಿ. ಅದೇ ಟ್ಯಾಂಕ್ ಓಡಿಸೋ ಶೇಕಡ 65 ಜನರಿಗಿಂತ ಮೇಲಿದ್ದರೆ ಒಂದು ಪಟ್ಟಿ, 85ಕ್ಕೆ ಎರಡು, 95ಕ್ಕೆ ಮೂರು. ಅಲ್ಲಿ ಬೇರೆಯವರಿಗೆ ತೋರಿಸಿಕೊಟ್ಟು ಹೊಡೆಸಿದ್ದೂ ಲೆಕ್ಕಕ್ಕೆ ಬರುತ್ತೆ. ಬೇಸ್‌ಗೆ ತೆವಳಿಕೊಂಡು ಹೋದವನಿಗೆ ಅಲ್ಲೂ ಏನಿಲ್ಲ. ನನ್ನ ಕೈಯಲ್ಲಿದ್ದರೆ ಒಂದೇ ಪರೀಕ್ಷೆ ಇಡುತ್ತಿದ್ದೆ: ಬೇಸ್ ಹೋಗ್ತಿದೆ ಅಂದಾಗ ಯಾರು ವಾಪಸ್ ತಿರುಗಿದರು? ಅಷ್ಟೇ. ಬಾಕಿ ಬಣ್ಣ ಏನಾದರೂ ಇರಲಿ.

ಚಾಟ್‌ನಲ್ಲಿ ನೇರಳೆಯವನು ಹೋಗುವ ಮುಂಚೆ ಒಂದು ಸಾಲು ಬಿಟ್ಟಿದ್ದ. ಟಿ95 ಅನ್ನೋದು ಮಾತ್ರ ಓದೋಕೆ ಬಂತು. ಅಕ್ಕನ ಮಗ ಮೊಬೈಲ್‌ನಲ್ಲಿ ಅನುವಾದ ಮಾಡಿಸಿ ಓದಿ, "ಬಿಡಿ ಮಾಮಾ, ಏನೋ ಊಟ ಆಯ್ತಾ ಅಂತ ಕೇಳಿದ್ದಾನೆ" ಅಂದ.

ಊಟ ಅಂದಾಗಲೇ ಐದನೇ ಕೂಗು ಕೇಳಿಸಿದ್ದು. ಅನ್ನ ಮುದ್ದೆಯಾಗಿತ್ತು. ಅಮ್ಮ ಅವತ್ತು ನನಗೆ ಹಾಕಿದ ಮಾರ್ಕ್ಸ್ ಇಲ್ಲಿ ಬರೆಯೋ ಹಾಗಿಲ್ಲ. ಅದು ಮಾತ್ರ ನನಗೆ ಚೆನ್ನಾಗಿ ಅರ್ಥವಾಗೋ ಭಾಷೆಯಲ್ಲಿತ್ತು.